ಹೊಸ ಬ್ಯಾಟರಿಯೂ ನಾಲ್ಕೇ ದಿನಕ್ಕೆ ಡೌನ್: ಕರೆಂಟ್ ಎಲ್ಲಿಗೆ ಹೋಗುತ್ತಿದೆ?

ವಾರಾಂತ್ಯದ ಚಾಲಕ, ಮೈಸೂರು

ನಮ್ಮ ಮನೆಯಲ್ಲಿ ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರೊಂದಿದೆ. ಕಚೇರಿಗೆ ನಾನು ಸ್ಕೂಟರಿನಲ್ಲೇ ಹೋಗುವುದರಿಂದ ಭಾನುವಾರ ಸಂಜೆ ಶೆಡ್ಡಿಗೆ ಸೇರಿದ ಕಾರು ಮತ್ತೆ ಹೊರಬರುವುದು ಶುಕ್ರವಾರ ಅಥವಾ ಶನಿವಾರ. ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಸೆಲ್ಫ್ ಹೊಡೆದರೆ ಬರೀ ಟಕಟಕ ಸದ್ದು ಬಂತು. ಬ್ಯಾಟರಿಯ ಆಯಸ್ಸು ಮುಗಿದಿದೆ ಎಂದು ಅಂಗಡಿಯವರು ಹೇಳಿದರು. ಅದಕ್ಕೆ ಮೂರೂವರೆ ವರ್ಷವಾಗಿತ್ತು, ನಾನೂ ಒಪ್ಪಿಕೊಂಡು, ಹಳೆಯದನ್ನು ಅಲ್ಲೇ ಕೊಟ್ಟು 35 ಆಂಪಿಯರ್ ಅವರ್‌ನ ಹೊಸ ಸೀಲ್ಡ್ (ನೀರು ಹಾಕಬೇಕಿಲ್ಲದ) ಬ್ಯಾಟರಿ ಹಾಕಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಅದೂ ಅದೇ ರೀತಿ ಮಲಗಿತು. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ವೈರು ಎಳೆದು ಜಂಪ್ ಕೊಟ್ಟು ಹೊರಡಿಸಿದರೆ ಎರಡು ದಿನ ಸರಿಯಾಗಿರುತ್ತದೆ, ಮುಂದಿನ ವಾರ ಮತ್ತೆ ಅದೇ ಪಾಡು. ಅಂಗಡಿಯಲ್ಲಿ ಒಂದು ಪೆಟ್ಟಿಗೆಯಂಥ ಯಂತ್ರವನ್ನು ಜೋಡಿಸಿ ನೋಡಿ, ಬ್ಯಾಟರಿ ಚೆನ್ನಾಗಿದೆ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರನ್ನು ಬದಲಿಸಬೇಕಾಗಬಹುದು ಎನ್ನುತ್ತಿದ್ದಾರೆ. ಇನ್ನೊಂದು ಬಿಡಿಭಾಗಕ್ಕೆ ಹಣ ಸುರಿಯುವ ಮೊದಲು ಮನೆಯಲ್ಲಿಯೇ ಏನನ್ನಾದರೂ ಪರೀಕ್ಷಿಸಿಕೊಳ್ಳಲು ಸಾಧ್ಯವೇ? ನನ್ನ ಬಳಿ ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಇದೆ. ಅದನ್ನು ಇದುವರೆಗೆ ರಿಮೋಟಿನ ಸೆಲ್ ನೋಡುವುದಕ್ಕೆ ಮಾತ್ರ ಬಳಸಿದ್ದೇನೆ.

ಹಳೆಯ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ಸ್ವಾಮಿ, ಆ ಮೀಟರೇ ಸಾಕು. ಮೂವತ್ತು ವರ್ಷ ಇದೇ ಕೆಲಸ ಮಾಡಿ ಈಗ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತಿರುವವನು ನಾನು. ನೋಡದೆ ಬದಲಿಸಿದ ಬ್ಯಾಟರಿಗಳಲ್ಲಿ ಎಷ್ಟೋ ತಪ್ಪಿಲ್ಲದವೇ ಆಗಿರುತ್ತವೆ ಎಂಬುದು ನನ್ನ ಅನುಭವ.

ಕಾರು ಹೊರಡಲಿಲ್ಲ ಎಂದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬ್ಯಾಟರಿ ತನ್ನಲ್ಲಿ ತುಂಬಿದ್ದನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ? ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು ತುಂಬುತ್ತಿದೆಯೇ? ಕಾರು ನಿಂತಿರುವಾಗ ಯಾರಾದರೂ ಕದ್ದು ಕುಡಿಯುತ್ತಿದ್ದಾರೆಯೇ? ಇವಲ್ಲದೆ ನಾಲ್ಕನೆಯದೊಂದಿದೆ, ಅದನ್ನು ಎಲ್ಲರೂ ಮರೆಯುತ್ತಾರೆ: ಬ್ಯಾಟರಿಯಲ್ಲಿ ಕರೆಂಟ್ ಇದ್ದರೂ ಸ್ಟಾರ್ಟರ್ ಮೋಟರಿನವರೆಗೆ ಅದು ತಲುಪುವ ದಾರಿ ಸರಿಯಾಗಿದೆಯೇ?

ನಿಮಗೆ ಕೇಳಿದ ಟಕಟಕ ಸದ್ದೇ ಒಂದು ಸುಳಿವು. ಸದ್ದು ಬೇಗಬೇಗನೆ ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಬರಿದಾಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ ಎಂದರ್ಥ. ಒಂದೇ ಒಂದು ಸಲ 'ಟಕ್' ಎಂದು, ಹೆಡ್‌ಲೈಟ್ ಮಂಕಾಗದೆ ಉಳಿದರೆ ಸ್ಟಾರ್ಟರಿನ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಕ್ಲಚ್ ಸ್ವಿಚ್, ಇಮ್ಮೊಬಿಲೈಸರ್ (ಬೇರೆ ಕೀಗೆ ಎಂಜಿನ್ ಹೊರಡದಂತೆ ತಡೆಯುವ ಕಾವಲು), ಫ್ಯೂಸ್ ಇತ್ಯಾದಿ ಬೇರೆ ಕಥೆ.

ಮೊದಲು ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಯಾವ ಸ್ವಿಚ್ಚನ್ನೂ ಒತ್ತುವ ಮೊದಲು ಅಳೆಯಿರಿ. ಓಡಿಸಿ ತಂದ ಕೂಡಲೇ ಅಳೆದರೆ ಮೇಲುಮೇಲಿನ ಚಾರ್ಜು ಇಲ್ಲದ ಬಲವನ್ನು ತೋರಿಸುತ್ತದೆ. ಒಳಗೆ ಆರು ಸೆಲ್‌ಗಳಿವೆ, ಒಂದೊಂದೂ ಸುಮಾರು 2.1 ವೋಲ್ಟ್. ಆದ್ದರಿಂದ ತುಂಬಿದ ಬ್ಯಾಟರಿ 12.6 ಅಥವಾ 12.7 ತೋರಿಸಬೇಕು. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12ಕ್ಕೆ ಇಳಿದರೆ ಕಾಲುಭಾಗ. 11.8ರ ಕೆಳಗಿದ್ದರೆ ಖಾಲಿಯೆಂದೇ ತಿಳಿಯಿರಿ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟ ಮೇಲೂ 10.5ರ ಹತ್ತಿರ ನಿಂತರೆ ಒಂದು ಸೆಲ್ ಸತ್ತಿದೆ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಆಮೇಲೆ ಇನ್ನೊಬ್ಬರನ್ನು ಸೆಲ್ಫ್ ಹೊಡೆಯಲು ಕೂರಿಸಿ, ಆ ಕ್ಷಣದಲ್ಲಿ ಮೀಟರ್ ಎಲ್ಲಿಗೆ ಇಳಿಯುತ್ತದೆ ಎಂದು ನೋಡಿ. ತುಂಬಿದ ಬ್ಯಾಟರಿ 10ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ನಿಲ್ಲಬೇಕು. 9.6ರ ಕೆಳಗೆ ಕುಸಿದರೆ ಬ್ಯಾಟರಿಗೆ ಭಾರ ಹೊರುವ ಶಕ್ತಿಯಿಲ್ಲ. ಎಂಜಿನ್ ಹೊರಟ ಮೇಲೆ 13.8ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ, 13ರ ಕೆಳಗಿದ್ದರೆ ತುಂಬುತ್ತಿಲ್ಲ. ಇತ್ತೀಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ. ಅಂಥವುಗಳಲ್ಲಿ 12.6 ಕಂಡರೂ ಗಾಬರಿಯಾಗದೆ ಸ್ವಲ್ಪ ಹೊತ್ತು ಓಡಿಸಿ ಮತ್ತೆ ನೋಡಬೇಕು. ನಿಮ್ಮ ಕಾರಿನ ವಯಸ್ಸಿಗೆ ಆ ವ್ಯವಸ್ಥೆ ಇರಲಿಕ್ಕಿಲ್ಲ, ಆದರೂ ಮೈನಸ್ ಟರ್ಮಿನಲ್ಲಿನ ಮೇಲೆ ಚಿಕ್ಕ ಪ್ಲಾಸ್ಟಿಕ್ ಸೆನ್ಸರ್ ಕುಳಿತಿದೆಯೇ ಎಂದು ಗಮನಿಸಿ.

ಒಂದು ಎಚ್ಚರಿಕೆ. ಕೈಯ ಉಂಗುರ, ಕಡಗ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಸ್ಪ್ಯಾನರ್ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಅದು ಕೆಂಪಗೆ ಕಾಯಲು ಎರಡು ಸೆಕೆಂಡು ಸಾಕು. ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ.

ವಾರಾಂತ್ಯದ ಚಾಲಕ, ಮೈಸೂರು

ಹಿರಿಯರಿಗೆ ಧನ್ಯವಾದಗಳು. ಇಂದು ಗುರುವಾರ. ಭಾನುವಾರದಿಂದ ನಿಂತಿದ್ದ ಕಾರಿನ ಬ್ಯಾಟರಿ ಬೆಳಿಗ್ಗೆ 11.3 ವೋಲ್ಟ್ ತೋರಿಸಿತು. ಜಂಪ್ ಕೊಟ್ಟು ಹೊರಡಿಸಿದ ಮೇಲೆ ನಿಂತಲ್ಲೇ 14.1 ಇತ್ತು. ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲವನ್ನೂ ಹಾಕಿದಾಗ 13.7ಕ್ಕೆ ಇಳಿದು ಅಲ್ಲೇ ನಿಂತಿತು. ಹಾಗಾದರೆ ಆಲ್ಟರ್ನೇಟರ್ ಸರಿಯಾಗಿದೆ ಎಂದಾಯಿತಲ್ಲವೇ? ಅರ್ಧ ಗಂಟೆ ಊರೊಳಗೆ ಸುತ್ತಿ ಬಂದರೆ ಬ್ಯಾಟರಿ ತುಂಬುತ್ತದೆಯೇ?

ಮೀಟರ್ ಮೇಡಂ, ಹುಬ್ಬಳ್ಳಿ

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳಾದ್ದರಿಂದ ಅಂಕಿಗಳನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. ಆಲ್ಟರ್ನೇಟರ್ ಮೇಲಿನ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಇನ್ನೊಂದೇ ಪರೀಕ್ಷೆ ಉಳಿದಿದೆ: ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆಲ್ಟರ್ನೇಟರಿನೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸೋರುತ್ತಿರಬಹುದು, ಸೋರುವ ಡಯೋಡ್ ರಾತ್ರಿಯಿಡೀ ಬ್ಯಾಟರಿಯನ್ನು ಹೀರುತ್ತದೆ.

ಅರ್ಧ ಗಂಟೆಯಲ್ಲಿ ಬ್ಯಾಟರಿ ತುಂಬುವುದಿಲ್ಲ. ಬರಿದಾದ ಬ್ಯಾಟರಿ ಮೊದಮೊದಲು ಹೆಚ್ಚು ಕರೆಂಟ್ ಸೆಳೆದುಕೊಂಡರೂ ತುಂಬುತ್ತ ಬಂದಂತೆ ಅದರ ಹಸಿವು ಕುಗ್ಗುತ್ತದೆ, ಕೊನೆಯ ಕಾಲುಭಾಗಕ್ಕೆ ಗಂಟೆಗಟ್ಟಲೆ ಬೇಕು. ಪೂರ್ತಿ ತುಂಬಿಸದೆ ವಾರ ವಾರ ಅರೆಹೊಟ್ಟೆಯಲ್ಲಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾದದ್ದು ಮತ್ತೆ ಸುಲಭವಾಗಿ ಕರಗದು. ಈಗಾಗಲೇ ನಿಮ್ಮ ಹೊಸ ಬ್ಯಾಟರಿ ಮೂರ್ನಾಲ್ಕು ಸಲ ಖಾಲಿಯಾಗಿದೆ. ಇನ್ನೊಮ್ಮೆ ಆಗುವ ಮೊದಲು ಒಂದು ಚಾರ್ಜರ್ ಎರವಲು ತಂದು ನಿಧಾನವಾಗಿ ತುಂಬಿಸಿ. ಸಾಮರ್ಥ್ಯದ ಹತ್ತನೇ ಒಂದು ಪಾಲು ಎಂಬ ಹಳೆಯ ಲೆಕ್ಕದಂತೆ 35ಕ್ಕೆ 3.5 ಆಂಪಿಯರ್ ಸಾಕು. 3 ಆಂಪಿಯರ್ ಚಾರ್ಜರ್ ಆದರೆ ಹದಿನಾಲ್ಕು ಗಂಟೆಯವರೆಗೂ ಹಿಡಿಯಬಹುದು. ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಆದ್ದರಿಂದ ಶೆಡ್ಡಿನ ಬಾಗಿಲು ತೆರೆದಿರಲಿ. ಕ್ಲಿಪ್ಪುಗಳನ್ನು ಹಾಕುವಾಗಲೂ ತೆಗೆಯುವಾಗಲೂ ಚಾರ್ಜರಿನ ಸ್ವಿಚ್ ಆರಿರಲಿ.

ತೀರ್ಥಹಳ್ಳಿ ಕಡೆಯವನು

ಚಾರ್ಜರ್ ಯಾಕೆ? ಎಲ್ಲರ ಮನೆಯಲ್ಲೂ ಇನ್ವರ್ಟರ್ ಇದೆಯಲ್ಲ. ಅದರ ಬ್ಯಾಟರಿಯನ್ನು ಬಿಚ್ಚಿ ಅಲ್ಲಿಗೆ ಕಾರಿನ ಬ್ಯಾಟರಿ ಜೋಡಿಸಿದರೆ ಚಾರ್ಜ್ ಆಗುತ್ತದೆ. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ. ನಾನಂತೂ ಭಾನುವಾರ ಕಾರು ನಿಲ್ಲಿಸಿದ ಕೂಡಲೇ ಮೈನಸ್ ವೈರ್ ಕಳಚಿಡುತ್ತೇನೆ, ಹತ್ತು ನಿಮಿಷದ ಕೆಲಸವೂ ಅಲ್ಲ. ಇಷ್ಟು ಸುಲಭದ ದಾರಿ ಇರುವಾಗ ಸೋರಿಕೆಯನ್ನು ಹುಡುಕುತ್ತ ಕೂರುವ ಅಗತ್ಯವೇನು?

ಮೀಟರ್ ಮೇಡಂ, ಹುಬ್ಬಳ್ಳಿ

ಇನ್ವರ್ಟರ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. 150 ಆಂಪಿಯರ್ ಅವರ್‌ನ ದೊಡ್ಡ ಬ್ಯಾಟರಿಗೆಂದು ಮಾಡಿದ ಇನ್ವರ್ಟರ್ ಹತ್ತು ಹದಿನೈದು ಆಂಪಿಯರ್ ತಳ್ಳುತ್ತದೆ, 35ರ ಪುಟ್ಟ ಸೀಲ್ಡ್ ಬ್ಯಾಟರಿ ಅಷ್ಟನ್ನು ತಡೆದುಕೊಳ್ಳದೆ ಕಾಯುತ್ತದೆ. ಅದರ ನಡುವೆ ಕರೆಂಟ್ ಹೋದರೆ ಮನೆಯ ಫ್ಯಾನು, ದೀಪಗಳೆಲ್ಲ ನಿಮ್ಮ ಕಾರಿನ ಬ್ಯಾಟರಿಯ ಮೇಲೆ ಬೀಳುತ್ತವೆ. ತುಂಬಿಸಲು ಹೋಗಿ ಬರಿದು ಮಾಡಿಕೊಂಡ ಹಾಗಾಗುತ್ತದೆ.

ಮೈನಸ್ ಕಳಚಿಡುವುದು ತಪ್ಪಲ್ಲ. ಹದಿನೈದು ದಿನ ಊರಿಗೆ ಹೋಗುವವರಿಗೆ ಅದೇ ಒಳ್ಳೆಯದು. ಆದರೆ ವಾರಕ್ಕೊಮ್ಮೆ ಕಳಚಿದರೆ ಸೆಂಟ್ರಲ್ ಲಾಕ್, ಅಲಾರಂ ಕೆಲಸ ಮಾಡುವುದಿಲ್ಲ, ಗಡಿಯಾರ ಮರೆಯುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಯೋ ಕೋಡ್ ಕೇಳುತ್ತದೆ, ಕಿಟಕಿಯ ಗಾಜು ತಾನಾಗಿ ಏರುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲೋ ಒಂದು ವೈರ್ ಅನಗತ್ಯವಾಗಿ ಕರೆಂಟ್ ಹೊತ್ತು ಬಿಸಿಯಾಗುತ್ತಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಸೋರುವ ನಲ್ಲಿಯನ್ನು ಸರಿಪಡಿಸದೆ ದಿನಾ ಗೇಟ್‌ವಾಲ್ವ್ ಮುಚ್ಚಿದಂತೆ ಅದು.

ಮೈಸೂರಿನವರೇ, ನಿಮ್ಮ ಅಂಕಿಗಳಿಂದಲೇ ಒಂದು ಅಂದಾಜು ಮಾಡೋಣ. ನಿಂತಿರುವ ಕಾರು ಗಡಿಯಾರ, ಲಾಕ್, ಕಂಪ್ಯೂಟರಿನ ನೆನಪಿಗಾಗಿ 20ರಿಂದ 50 ಮಿಲಿಆಂಪಿಯರ್ ಸೆಳೆಯುವುದು ಸಹಜ. 50 ಎಂದೇ ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ ಆಗುತ್ತದೆ. 35ರ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡು ವಾರ ಬೇಕು. ನಿಮ್ಮದು ನಾಲ್ಕು ದಿನಗಳಿಗೂ ಮೊದಲೇ ಬಹುತೇಕ ಖಾಲಿಯಾಗಿದೆ. ಅಂದರೆ ಯಾವುದೋ ಒಂದು ವಸ್ತು ಹಗಲು ರಾತ್ರಿ 0.3ರಿಂದ 0.4 ಆಂಪಿಯರ್ ಸೆಳೆಯುತ್ತಿರಬೇಕು. ಸುಮಾರು ಐದು ವ್ಯಾಟಿನ ಬಲ್ಬೊಂದು ಉರಿಯುತ್ತಿರುವಷ್ಟು. ಡಿಕ್ಕಿಯ ದೀಪ, ಗ್ಲೋವ್ ಬಾಕ್ಸ್ ದೀಪ ಆರುತ್ತಿವೆಯೇ ಎಂದು ಮೊದಲು ನೋಡಿ. ಫೋನಿನ ವಿಡಿಯೋ ಚಾಲೂ ಮಾಡಿ ಡಿಕ್ಕಿಯೊಳಗೆ ಇಟ್ಟು ಬಾಗಿಲು ಮುಚ್ಚಿದರೆ ಗೊತ್ತಾಗುತ್ತದೆ. ಕಾರಿಗೆ ಆಮೇಲೆ ಹಾಕಿಸಿದ ವಸ್ತುಗಳು ಯಾವುವು?

ವಾರಾಂತ್ಯದ ಚಾಲಕ, ಮೈಸೂರು

ಡಿಕ್ಕಿಯ ದೀಪ ಆರುತ್ತಿದೆ, ಫೋನ್ ಉಪಾಯ ಮನೆಯ ಮಕ್ಕಳಿಗೆ ಬಹಳ ಹಿಡಿಸಿತು. ಎಸಿ ವೋಲ್ಟ್ ಪರೀಕ್ಷೆಯಲ್ಲಿ 0.03 ಬಂತು. ಆಮೇಲೆ ಹಾಕಿಸಿದ್ದೆಂದರೆ ಟಚ್‌ಸ್ಕ್ರೀನ್ ಸ್ಟೀರಿಯೋ ಮತ್ತು ರಿವರ್ಸ್ ಕ್ಯಾಮೆರಾ, ಅವುಗಳನ್ನು ಕಳೆದ ದೀಪಾವಳಿಯ ಹೊತ್ತಿಗೆ ಹಾಕಿಸಿದೆವು. ಕೀ ತೆಗೆದರೆ ಅದರ ಪರದೆ ಆರುತ್ತದೆ, ಆದ್ದರಿಂದ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಸೋರಿಕೆಯನ್ನು ಅಳೆಯುವುದು ಹೇಗೆ ಎಂದು ವಿವರವಾಗಿ ತಿಳಿಸುವಿರಾ?

ಮೀಟರ್ ಮೇಡಂ, ಹುಬ್ಬಳ್ಳಿ

ಅವಸರ ಮಾಡದೆ ಒಂದು ಗಂಟೆ ಬಿಡುವಿರುವಾಗ ಮಾಡಿ.

ಬಾನೆಟ್ ತೆರೆದಿಟ್ಟು, ಚಾಲಕನ ಬಾಗಿಲನ್ನೂ ತೆರೆದು, ಬಾಗಿಲಿನ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಆಗ ಬಾಗಿಲು ಮುಚ್ಚಿದೆ ಎಂದೇ ಕಾರು ಭಾವಿಸುತ್ತದೆ, ನಿಮಗೆ ಫ್ಯೂಸ್ ಪೆಟ್ಟಿಗೆಯೂ ಕೈಗೆಟಕುತ್ತದೆ. ಮುಗಿದ ಮೇಲೆ ಹಿಡಿಕೆಯನ್ನು ಎಳೆದು ಆ ಕೊಂಡಿಯನ್ನು ಬಿಡಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಬಾಗಿಲು ಬಡಿದು ಲಾಕ್ ಹಾಳಾಗುತ್ತದೆ. ಕೀಯನ್ನು ಕಾರಿನಿಂದ ದೂರವಿಡಿ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಬದಲಿಸಿ. ಬ್ಯಾಟರಿಯ ಮೈನಸ್ ಕ್ಲ್ಯಾಂಪನ್ನು (ವೈರಿನ ತುದಿಯ ಹಿಡಿಕೆ) ಕಳಚಿ, ಕಳಚಿದ ಕ್ಲ್ಯಾಂಪಿಗೆ ಮೀಟರಿನ ಕೆಂಪನ್ನೂ ಬ್ಯಾಟರಿಯ ಮೈನಸ್ ಪೋಸ್ಟಿಗೆ (ಮೇಲಿನ ಸೀಸದ ಗೂಟ) ಕಪ್ಪನ್ನೂ ಹಿಡಿಸಿ. ಈಗ ಕಾರಿನ ಕರೆಂಟ್ ಎಲ್ಲ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಮೊದಲಿಗೆ ಒಂದೆರಡು ಆಂಪಿಯರ್ ಕಂಡರೆ ಹೆದರಬೇಡಿ. ಒಳಗಿನ ಪುಟ್ಟ ಕಂಪ್ಯೂಟರುಗಳು ನಿದ್ದೆಗೆ ಜಾರಲು ಇಪ್ಪತ್ತರಿಂದ ನಲವತ್ತು ನಿಮಿಷ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆರೆಯುವುದು, ರಿಮೋಟ್ ಒತ್ತುವುದು, ಕೀ ತಿರುಗಿಸುವುದು ಯಾವುದನ್ನೂ ಮಾಡಬೇಡಿ. ಮುಖ್ಯವಾಗಿ ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ಸೆಳೆಯುತ್ತದೆ, ನಿಮ್ಮ ಮೀಟರಿನ ಫ್ಯೂಸು ಹತ್ತಕ್ಕೆ ಸುಡುತ್ತದೆ. ಕೆಲವು ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ.

ಅಂಕಿ ನಿಂತ ಮೇಲೂ 50 ಮಿಲಿಆಂಪಿಯರಿಗಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋಗುವುದು ವಾಡಿಕೆಯ ವಿಧಾನ. ನನಗೆ ಇನ್ನೊಂದು ಇಷ್ಟ. ಫ್ಯೂಸ್ ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಕಂಪ್ಯೂಟರ್ ಎಚ್ಚರಗೊಂಡು ಅಂಕಿ ಕಲಸಿಹೋಗುತ್ತದೆ. ಅದರ ಬದಲು ಬ್ಯಾಟರಿಯನ್ನು ಮೊದಲಿನಂತೆ ಜೋಡಿಸಿ, ಕಾರು ಮಲಗುವವರೆಗೆ ಕಾದು, ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ಮೇಲೆ ಎರಡು ಮೊನೆಗಳನ್ನು ಇಡಿ. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಹರಿಯುತ್ತಿದ್ದರೆ ಒಂದೋ ಎರಡೋ ಮಿಲಿವೋಲ್ಟ್ ಕಾಣುತ್ತದೆ. 15 ಆಂಪಿಯರ್ ಫ್ಯೂಸಿನಲ್ಲಿ 0.4 ಆಂಪಿಯರ್ ಹರಿದರೆ ಸುಮಾರು 2 ಮಿಲಿವೋಲ್ಟ್. ಹೀಗೆ ಯಾರ ನಿದ್ದೆಯನ್ನೂ ಕೆಡಿಸದೆ ಕಳ್ಳನನ್ನು ಹಿಡಿಯಬಹುದು. ಮೀಟರಿನ ಕೆಂಪು ವೈರನ್ನು ಮತ್ತೆ ವೋಲ್ಟಿನ ತೂತಿಗೆ ತಂದ ಮೇಲೆಯೇ ಇದನ್ನು ಮಾಡಿ.

ಹಳೆಯ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ಮೇಡಂ ಹೇಳಿದ ಫ್ಯೂಸ್ ತಲೆಯ ಉಪಾಯ ನನ್ನ ಕಾಲದಲ್ಲಿ ಗೊತ್ತಿದ್ದರೆ ಎಷ್ಟೋ ಭಾನುವಾರಗಳು ಉಳಿಯುತ್ತಿದ್ದವು. ನಾವು ಅಂಬಾಸಿಡರಿನ ಮೈನಸ್ ಕ್ಲ್ಯಾಂಪಿಗೂ ಪೋಸ್ಟಿಗೂ ನಡುವೆ ಒಂದು ಚಿಕ್ಕ ಬಲ್ಬ್ ಸಿಕ್ಕಿಸಿ, ಅದು ಆರುವವರೆಗೆ ಫ್ಯೂಸ್ ಕೀಳುತ್ತಿದ್ದೆವು. ಬ್ಯಾಟರಿ ಪೂರ್ತಿ ಸತ್ತರೂ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಊರು ಸೇರಬಹುದಾಗಿದ್ದ ಗಾಡಿಗಳು ಅವು.

ಇಲ್ಲಿ ಓದುವವರಿಗೆ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು, ಗಾಡಿ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎನ್ನುವ ಮೆಕ್ಯಾನಿಕ್ಕುಗಳು ಇಂದಿಗೂ ಇದ್ದಾರೆ. ಡೈನಮೋ ಇದ್ದ ಕಾಲದಲ್ಲಿ ನಾನೂ ಅದನ್ನು ಮಾಡಿದ್ದೇನೆ. ಈಗಿನ ಕಾರಿನಲ್ಲಿ ಹಾಗೆ ಕಿತ್ತರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ನೆಗೆದು ಎಂಜಿನ್ ಕಂಪ್ಯೂಟರನ್ನೇ ಸುಡಬಹುದು. ಯಾರಾದರೂ ನಿಮ್ಮ ಕಾರಿನ ಮೇಲೆ ಹಾಗೆ ಮಾಡಲು ಹೊರಟರೆ ಕೈ ಹಿಡಿದು ತಡೆಯಿರಿ.

ವಾರಾಂತ್ಯದ ಚಾಲಕ, ಮೈಸೂರು

ಇಂದು ಬೆಳಿಗ್ಗೆ ಎಂಟಕ್ಕೆ ಆರಂಭಿಸಿದೆ. ಮೊದಲು ನನ್ನ ಪೆದ್ದುತನವನ್ನು ಒಪ್ಪಿಕೊಳ್ಳುತ್ತೇನೆ. ಮೀಟರ್ ಜೋಡಿಸಿದಾಗ 2.6 ಆಂಪಿಯರ್ ಇತ್ತು, ನಂತರ 0.9ಕ್ಕೆ ಇಳಿಯಿತು. ಅಷ್ಟರಲ್ಲಿ ಅಪ್ಪ ಬಂದು, ಕಾರು ಹೊರಡುತ್ತದೆಯೋ ನೋಡೋಣ ಎಂದು ಕೀ ತಿರುಗಿಸಿಯೇಬಿಟ್ಟರು. ನಾನು ಕೂಗುವಷ್ಟರಲ್ಲಿ ಮೀಟರಿನ ಪರದೆಯಲ್ಲಿ ಸೊನ್ನೆ ಬಂದು ನಿಂತಿತು. ಪುಣ್ಯಕ್ಕೆ ಅದರೊಳಗೆ ಫ್ಯೂಸ್ ಇತ್ತು. ಸಂತೇಪೇಟೆಗೆ ಹೋಗಿ ಅದೇ ಅಳತೆಯ ಗಾಜಿನ ಫ್ಯೂಸ್ ತಂದು ಹಾಕಿ, ಕೀಯನ್ನು ಅಮ್ಮನ ಸೆರಗಿಗೆ ಕಟ್ಟಿಸಿ, ಮತ್ತೆ ಕುಳಿತೆ.

ಇಪ್ಪತ್ತೈದು ನಿಮಿಷದ ಮೇಲೆ ಅಂಕಿ 0.38ರಲ್ಲಿ ನಿಂತಿತು, ಆಮೇಲೆ ಅಲುಗಲಿಲ್ಲ. ಮೇಡಂ ಕಟ್ಟಿದ ಲೆಕ್ಕದೊಳಗೇ ಬಿತ್ತು. ಫ್ಯೂಸುಗಳ ತಲೆಯ ಮೇಲೆ ಮೀಟರ್ ಇಡುತ್ತ ಹೋದಾಗ ಎಲ್ಲವೂ 0.0 ತೋರಿಸಿದವು, ಆಡಿಯೋ ಎಂದು ಬರೆದ 15 ಆಂಪಿಯರ್ ಫ್ಯೂಸ್ ಮಾತ್ರ 1.8 ತೋರಿಸಿತು. ಮತ್ತೆ ಮೀಟರನ್ನು ಮೈನಸ್ಸಿಗೆ ಸೇರಿಸಿ ಆ ಫ್ಯೂಸ್ ಕಿತ್ತಾಗ ಸೋರಿಕೆ 0.02ಕ್ಕೆ ಬಿತ್ತು.

ಸ್ಟೀರಿಯೋ ಹೊರಗೆಳೆದೆ. ಪರದೆ ಆರಿದ್ದರೂ ಹಿಂಬದಿಯ ತಗಡು ಉಗುರುಬೆಚ್ಚಗಿತ್ತು, ರಾತ್ರಿಯಿಡೀ ಯಾರೂ ಮುಟ್ಟಿರದ ಕಾರು ಅದು! ವೈರುಗಳ ಗೊಂಚಲನ್ನು ಬಿಡಿಸಿದಾಗ ಕಪ್ಪು ಇನ್ಸುಲೇಶನ್ ಟೇಪು ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಅದರೊಳಗೆ ಸ್ಟೀರಿಯೋದ ಹಳದಿ ಮತ್ತು ಕೆಂಪು ವೈರುಗಳನ್ನು ಒಟ್ಟಿಗೆ ಹುರಿಹೊಸೆದು ಕಾರಿನ ಒಂದೇ ವೈರಿಗೆ ಸುತ್ತಿದ್ದರು. ಕಾರಿನ ಕಡೆಯ ಇನ್ನೊಂದು ವೈರಿನ ತುದಿಗೆ ಟೇಪು ಸುತ್ತಿ ಅನಾಥವಾಗಿ ಬಿಟ್ಟಿದ್ದರು.

ಮೀಟರ್ ಮೇಡಂ, ಹುಬ್ಬಳ್ಳಿ

ಅಲ್ಲೇ ಇದೆ ಉತ್ತರ. ಹಳದಿ ವೈರ್ ಯಾವಾಗಲೂ ಕರೆಂಟ್ ಇರಬೇಕಾದದ್ದು, ಗಡಿಯಾರ ಮತ್ತು ನೆನಪಿಗಾಗಿ. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದದ್ದು, ಎಚ್ಚರವಾಗು ಎಂದು ಹೇಳುವುದಕ್ಕೆ. ಎರಡನ್ನೂ ಒಂದೇ ಕಡೆ ಸೇರಿಸಿದ್ದರಿಂದ ಸ್ಟೀರಿಯೋಗೆ ಕೀ ತೆಗೆದದ್ದೇ ತಿಳಿಯಲಿಲ್ಲ. ಪರದೆಯೇನೋ ಆರಿತು, ಒಳಗಿನ ಕಂಪ್ಯೂಟರ್ ನಿದ್ದೆಗೆಟ್ಟು ಕುಳಿತೇ ಇತ್ತು. ಆ ಅನಾಥ ವೈರಿಗೆ ಮೀಟರ್ ಹಿಡಿದು, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುತ್ತದೆ ಎಂದು ಖಚಿತಪಡಿಸಿಕೊಂಡು ಕೆಂಪನ್ನು ಅಲ್ಲಿಗೆ ಜೋಡಿಸಿ. ಹುರಿಹೊಸೆದು ಟೇಪು ಸುತ್ತುವುದು ಬೇಡ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಅಥವಾ ಒತ್ತುವ ಕನೆಕ್ಟರ್ ಬಳಸಿ.

ತೀರ್ಥಹಳ್ಳಿ ಕಡೆಯವನು

ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇದನ್ನು ಓದಿ ನನ್ನ ಕಾರನ್ನೂ ಅಳೆದೆ, 0.17 ಬಂತು. ಫ್ಯೂಸ್ ಹಿಡಿದು ಹೋದರೆ ಒಳಗಿನ ದೀಪದ ದಾರಿ ತೋರಿಸಿತು. ಹಿಂಬದಿಯ ಬಾಗಿಲಿನ ಕಡೆಗೆ ಹೋಗುವ ವೈರನ್ನು ಇಲಿ ಕಡಿದಿದ್ದು, ಬೆತ್ತಲೆಯಾದ ತಾಮ್ರ ಒದ್ದೆ ಕಾರ್ಪೆಟ್ಟಿನ ಕೆಳಗೆ ಬಾಡಿಗೆ ತಾಗುತ್ತಿತ್ತು. ಅಡಕೆ ಚಪ್ಪರದ ಪಕ್ಕ ಕಾರು ನಿಲ್ಲಿಸುವವರು ಬ್ಯಾಟರಿಯನ್ನು ದೂರುವ ಮೊದಲು ಕಾರ್ಪೆಟ್ ಎತ್ತಿ ನೋಡುವುದು ಒಳ್ಳೆಯದು.

ನನ್ನದು ನೀರು ಹಾಕುವ ಬ್ಯಾಟರಿ. ಅದರ ಬಗ್ಗೆಯೂ ಎರಡು ಮಾತು ಹೇಳಿ. ಪ್ಲಸ್ಸಿನ ಮೇಲೆ ಬಿಳಿ ಹಸಿರು ಹಿಟ್ಟು ಕಟ್ಟುತ್ತದೆ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಾಕಬಹುದು ಎನ್ನುತ್ತಾರೆ, ಅದು ಸರಿಯೇ?

ಹಳೆಯ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ಬೇಡ. ಎಸಿಯ ನೀರಿನಲ್ಲಿ ಧೂಳು, ಕಾಯಿಲಿನ ಲೋಹದ ಅಂಶ, ಪಾಚಿ ಎಲ್ಲ ಇರುತ್ತದೆ. ಆರ್‌ಒ ನೀರಿನಲ್ಲಿಯೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ಆಗುವ ಖರ್ಚು ಒಂದು ಮಸಾಲೆ ದೋಸೆಯದ್ದಕ್ಕಿಂತ ಹೆಚ್ಚಿಲ್ಲ. ಪ್ಲೇಟುಗಳು ಮುಳುಗದಿದ್ದರೆ ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಹೊರಚೆಲ್ಲುತ್ತದೆ. ಆಸಿಡ್ ಮಾತ್ರ ಎಂದೂ ಹಾಕಬೇಡಿ. ಆವಿಯಾಗುವುದು ನೀರು, ಆಸಿಡ್ ಅಲ್ಲ.

ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಒಂದೊಂದು ಸೆಲ್ಲಿನ ಗ್ರ್ಯಾವಿಟಿ (ಸಾಂದ್ರತೆ) ನೋಡಿ. ತುಂಬಿದ ಸೆಲ್ 1.250ರಿಂದ 1.280ರವರೆಗೆ ಇರುತ್ತದೆ. ಐದು ಸೆಲ್ 1.250 ಇದ್ದು ಒಂದು 1.180 ಇದ್ದರೆ ಆ ಒಂದು ಸೆಲ್ ಉಳಿದವನ್ನೂ ಕರೆದುಕೊಂಡು ಹೋಗುತ್ತದೆ. ಸೀಲ್ಡ್ ಬ್ಯಾಟರಿಯ ಮೇಲೆ ಚಾರ್ಜ್ ತೋರಿಸುವ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ, ಅದು ನೋಡುವುದು ಆರರಲ್ಲಿ ಒಂದೇ ಸೆಲ್ಲನ್ನು.

ಹಿಟ್ಟಿಗೆ ಅಡುಗೆ ಸೋಡಾ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಕಲಸಿ, ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ನೋಡಿಕೊಂಡು, ಕಳಚಿದ ಕ್ಲ್ಯಾಂಪಿಗೂ ಪೋಸ್ಟಿಗೂ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಚ್ಚಿ. ಬುಸುಗುಟ್ಟಿ ನೊರೆ ಬರುವುದು ನಿಂತ ಮೇಲೆ ನೀರಿನಿಂದ ತೊಳೆದು ಒರೆಸಿ, ಮರಳು ಕಾಗದದಿಂದ ಹೊಳಪು ಬರುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಸೋಡಾ ನೀರು ಸೆಲ್ಲಿನೊಳಗೆ ಇಳಿದರೆ ಆಸಿಡ್ ಸಾಯುತ್ತದೆ. ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಬಳಿಗೆ ಹೋಗಬೇಕು. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಿದ ಹುಡುಗನೊಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬ್ಯಾಟರಿಯ ಮುಚ್ಚಳ ಅಂಗಡಿಯ ಸೂರಿಗೆ ಹೊಡೆದ ಗುರುತು ಕೊನೆಯವರೆಗೂ ಅಲ್ಲೇ ಇತ್ತು. ಹುಡುಗನ ಕಣ್ಣು ಉಳಿದದ್ದು ದೊಡ್ಡದು.

ಮೈಸೂರಿನವರೇ, ನಾಲ್ಕನೆಯ ಪ್ರಶ್ನೆ ನೋಡಿದಿರಾ? ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಮೊನೆ ಬ್ಯಾಟರಿಯ ಸೀಸದ ಪೋಸ್ಟಿನ ನಡುತಲೆಯ ಮೇಲೆ, ಇನ್ನೊಂದು ಅದಕ್ಕೆ ಬಿಗಿದ ಕ್ಲ್ಯಾಂಪಿನ ಮೇಲೆ. ಎರಡರ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಹಾಗೆಯೇ ಮೈನಸ್ ಪೋಸ್ಟಿನಿಂದ ಎಂಜಿನ್ನಿನ ಬೆತ್ತಲೆ ಲೋಹಕ್ಕೆ 0.2ರ ಒಳಗೆ.

ಟೊರಾಂಟೋ ಕನ್ನಡಿಗ

ನಡುವೆ ಮಾತನಾಡುತ್ತಿದ್ದೇನೆ, ಕ್ಷಮಿಸಿ. ಇಲ್ಲಿನ ಸಂಕಟ ಬೇರೆ. ಬ್ಯಾಟರಿಯ ಮೇಲೆ ಬರೆದಿರುವ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್) ಅಂಕಿ ಊರಿನಲ್ಲಿದ್ದಾಗ ನನಗೆ ಅರ್ಥವಿಲ್ಲದ ಅಕ್ಷರವಾಗಿತ್ತು. ಮೈನಸ್ 18 ಡಿಗ್ರಿಯಲ್ಲಿ ಮೂವತ್ತು ಸೆಕೆಂಡುಗಳ ಕಾಲ, 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದೇ ಅದು. ಅಷ್ಟು ಚಳಿಯಲ್ಲಿ ಬ್ಯಾಟರಿಯ ಬಲ ಅರ್ಧದ ಆಸುಪಾಸಿಗೆ ಕುಗ್ಗುತ್ತದೆ, ಎಂಜಿನ್ ಆಯಿಲ್ ಜೇನಿನಂತೆ ಗಟ್ಟಿಯಾಗುತ್ತದೆ. ತುಂಬಿದ ಬ್ಯಾಟರಿ ಹೆಪ್ಪುಗಟ್ಟುವುದಿಲ್ಲ, ಆದರೆ ಬರಿದಾದ ಬ್ಯಾಟರಿಯೊಳಗಿನ ದ್ರವ ಬಹುಪಾಲು ನೀರೇ ಆಗಿರುವುದರಿಂದ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೇ ಗಡ್ಡೆಕಟ್ಟಬಹುದು. ಹೊಟ್ಟೆ ಉಬ್ಬಿದ ಬ್ಯಾಟರಿಗೆ ಜಂಪ್ ಕೊಡಬಾರದು, ಚಾರ್ಜನ್ನೂ ಮಾಡಬಾರದು. ಊರಿನಲ್ಲಿ ನಾಲ್ಕು ವರ್ಷಕ್ಕೆ ಬ್ಯಾಟರಿ ಹೋಗುತ್ತಿತ್ತು, ಇಲ್ಲಿ ಆರು ವರ್ಷ ಬಂತು. ಇದು ಮಾತ್ರ ವಿಚಿತ್ರವೆನಿಸುತ್ತದೆ.

ಮೀಟರ್ ಮೇಡಂ, ಹುಬ್ಬಳ್ಳಿ

ವಿಚಿತ್ರವೇನಲ್ಲ ಸರ್. ಬ್ಯಾಟರಿಯನ್ನು ಸವೆಸುವುದು ಬಿಸಿ, ಸವೆದದ್ದನ್ನು ಬಯಲಿಗೆಳೆಯುವುದು ಚಳಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ನಿಯಮ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲುವ ರಾಯಚೂರಿನ ಕಾರನ್ನು ನೆನೆಸಿಕೊಳ್ಳಿ.

ವಾರಾಂತ್ಯದ ಚಾಲಕ, ಮೈಸೂರು

ಸ್ಟೀರಿಯೋದ ವೈರನ್ನು ಸರಿಪಡಿಸಿದೆ. ಈಗ ಸೋರಿಕೆ 0.028 ಆಂಪಿಯರ್. ಚಾರ್ಜರ್ ಎರವಲು ತಂದು ಹದಿಮೂರು ಗಂಟೆ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆದಾಗ 12.65 ಬಂತು. ಮೂರ್ನಾಲ್ಕು ಸಲ ಬರಿದಾಗಿಯೂ ಬ್ಯಾಟರಿ ಉಳಿದುಕೊಂಡಿದೆ ಎನಿಸುತ್ತದೆ.

ಹಿರಿಯರು ಕೇಳಿದ ನಾಲ್ಕನೆಯ ಪ್ರಶ್ನೆಗೆ ಬರುತ್ತೇನೆ. ಮೈನಸ್ ಕಡೆ 0.04 ಇತ್ತು. ಪ್ಲಸ್ ಪೋಸ್ಟಿಗೂ ಕ್ಲ್ಯಾಂಪಿಗೂ ನಡುವೆ 0.7 ವೋಲ್ಟ್! ಕ್ಲ್ಯಾಂಪ್ ಬಿಚ್ಚಿ ನೋಡಿದರೆ ಒಳಗೆ ಮಡಿಸಿ ತುರುಕಿದ ಒಂದು ತಗಡಿನ ಚೂರು ಇತ್ತು. ಯಾವುದೋ ಡಬ್ಬಿಯಿಂದ ಕತ್ತರಿಸಿದ್ದು, ಅದರ ಮೇಲಿನ ನೀಲಿ ಬಣ್ಣವೂ ಇನ್ನೂ ಉಳಿದಿತ್ತು. ಹೊಸ ಬ್ಯಾಟರಿಯ ಪೋಸ್ಟ್ ತೆಳ್ಳಗಿದ್ದು ಹಳೆಯ ಕ್ಲ್ಯಾಂಪ್ ಬಿಗಿಯಾಗದ ಕಾರಣ ಹಾಗೆ ಮಾಡಿರಬೇಕು.

ಹಳೆಯ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ತಗಡು, ಮೊಳೆ, ಒಮ್ಮೆ ಬಾಟಲಿಯ ಮುಚ್ಚಳ ಕೂಡ ಕಂಡಿದ್ದೇನೆ. ಪೋಸ್ಟಿಗೆ ತೊಡಿಸಲು ಸೀಸದ ಬಳೆ ಬ್ಯಾಟರಿ ಅಂಗಡಿಯಲ್ಲೇ ದೊರೆಯುತ್ತದೆ. ಅದನ್ನು ತೊಡಿಸಿ ಕ್ಲ್ಯಾಂಪ್ ಬಿಗಿ ಮಾಡಿ, ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ.

ಬ್ಯಾಟರಿ ಕೊಳ್ಳುವಾಗ 38ಬಿ20ಎಲ್ ಎಂಬಂಥ ಅಕ್ಷರಗಳನ್ನು ಹಳೆಯದರ ಜೊತೆ ಹೋಲಿಸಬೇಕು. ಅಲ್ಲಿನ 20 ಎಂದರೆ ಸುಮಾರು 20 ಸೆಂಟಿಮೀಟರ್ ಉದ್ದ, ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಬದಿಗಿದೆ ಎಂಬುದನ್ನು ಹೇಳುತ್ತದೆ. ಅದು ತಪ್ಪಿದರೆ ವೈರು ಮುಟ್ಟುವುದಿಲ್ಲ. ತಯಾರಾದ ತಿಂಗಳನ್ನೂ ನೋಡಿ ಕೊಳ್ಳಿ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ಆರುವ ಕಾರಾದರೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ಹಳೆಯದನ್ನು ಗುಜರಿಯವನಿಗೆ ಕೊಡದೆ ಅಂಗಡಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಮರಳಿ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಹಿತ್ತಲಿನಲ್ಲಿ ಒಡೆದರೆ ಸೀಸ ಬಾವಿ ಸೇರುತ್ತದೆ.

ಹಾಗೆಯೇ ನೀವು ಜಂಪ್ ಕೊಡುವ ಕ್ರಮ ಹೇಗೆ? ಮೈನಸ್ಸಿಗೆ ಮೈನಸ್ ನೇರವಾಗಿ ಹಾಕುತ್ತಿದ್ದೀರಾ?

ವಾರಾಂತ್ಯದ ಚಾಲಕ, ಮೈಸೂರು

ಹೌದು, ಇದುವರೆಗೆ ಹಾಗೆಯೇ ಹಾಕುತ್ತಿದ್ದೆ. ಅದು ತಪ್ಪೇ?

ಹಳೆಯ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ತಾಗಿದಾಗಲೇ ಕಿಡಿ ಹಾರುವುದು, ಬ್ಯಾಟರಿಯ ಬಾಯಲ್ಲಿ ಜಲಜನಕ ಇರುವುದರಿಂದ ಆ ಕಿಡಿ ಅಲ್ಲಿ ಬೇಡ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಪ್ಲಸ್ ಮೈನಸ್ ಅದಲುಬದಲಾದರೆ ಎರಡು ಕಾರುಗಳ ಖರ್ಚೂ ನಿಮ್ಮದೇ.

ಮೀಟರ್ ಮೇಡಂ, ಹುಬ್ಬಳ್ಳಿ

ಮುಂದಿನ ಸಲ ಹನ್ನೊಂದು ದಿನ ಕಾರನ್ನು ಮುಟ್ಟದೆ ನಿಲ್ಲಿಸಿ ಅಳೆಯಿರಿ. 0.028 ಆಂಪಿಯರ್ ಲೆಕ್ಕದಲ್ಲಿ ಸುಮಾರು 7.4 ಆಂಪಿಯರ್ ಅವರ್ ಖರ್ಚಾಗಿರಬೇಕು, ಅಂದರೆ ಐದರಲ್ಲೊಂದು ಪಾಲು. 12.45ರ ಆಸುಪಾಸಿನಲ್ಲಿ ಇರಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಬ್ಯಾಟರಿಯ ಸಾಮರ್ಥ್ಯವೇ ಕುಗ್ಗಿದೆ ಎಂದು ತಿಳಿದು ವಾರಂಟಿ ಇರುವಾಗಲೇ ಅಂಗಡಿಗೆ ಹೋಗಿ.

ವಾರಾಂತ್ಯದ ಚಾಲಕ, ಮೈಸೂರು

ನಾವು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಅತ್ತೆಯ ಊರಿಗೂ ಹೋಗಿ ನಿನ್ನೆ ರಾತ್ರಿ ಮರಳಿದೆವು. ಕಾರು ಸರಿಯಾಗಿ ಹನ್ನೊಂದು ದಿನ ನಿಂತಿತ್ತು. ಇಂದು ಬೆಳಿಗ್ಗೆ ಆರೂವರೆಗೆ, ಬಾಗಿಲನ್ನೂ ತೆರೆಯದೆ ಅಳೆಯಲು ಹೊರಟೆ, ಆದರೆ ಹೊರಗಿನಿಂದ ಬಾನೆಟ್ ಎತ್ತಲು ಬಾರದೆಂಬುದು ನೆನಪಾಗಿ ಬಾಗಿಲು ತೆರೆಯಲೇಬೇಕಾಯಿತು. ಒಳಗಿನ ದೀಪ ಆರುವವರೆಗೆ ಕಾದು ಮೀಟರ್ ಇಟ್ಟೆ. 12.46. ಸೆಲ್ಫ್ ಹೊಡೆದಾಗ 10.3ಕ್ಕೆ ಇಳಿದು, ಒಂದೇ ಸಲಕ್ಕೆ ಎಂಜಿನ್ ಹೊರಟಿತು. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು, ಆ ತಗಡಿನ ಚೂರು ಎಲ್ಲಿ ಎಂದು ಕೇಳಿದರು. ಬ್ಯಾಟರಿ ಅಂಗಡಿಗೆ ತೋರಿಸಲು ಜೇಬಿನಲ್ಲಿಟ್ಟುಕೊಂಡಿದ್ದೇನೆ.